ನಡುಗದ ಎಡಗೈ

ಕಾಯಿಲೆ ಹೆಚ್ಚಾದಾಗ ಮನೆಯವರ ಮೇಲೆ ಸಂಶಯಪಡುವವರನ್ನು ಎಲ್ಲರೂ ಕಂಡಿದ್ದಾರೆ. ಕಾಯಿಲೆ ಕಡಿಮೆಯಾಯಿತೆಂದು ಸಂಶಯಪಟ್ಟ ಮನುಷ್ಯ ಇಡೀ ಬಾಣಸವಾಡಿಯಲ್ಲಿ ಒಬ್ಬರೇ ಸಿಕ್ಕಾರು. ಕಟ್ಟಿದ ಕಥೆಯಾಗಿದ್ದರೆ ಯಾರಾದರೂ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿದ್ದರು, ನಡೆದದ್ದಾದ್ದರಿಂದ ಹೀಗಿದೆ. ಆ ಶನಿವಾರ ಬೆಳಿಗ್ಗೆ ಪಂಚಾಕ್ಷರಯ್ಯನವರು ದೇವರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟುಕೊಂಡು, ಅದನ್ನೇ ದಿಟ್ಟಿಸುತ್ತಾ ಕೂತಿದ್ದರು. ಲಿಂಗ ಅಲುಗಲಿಲ್ಲ. ವಿಭೂತಿಯ ಗೆರೆ ಕೆಡಲಿಲ್ಲ, ಮೇಲಿಟ್ಟ ಬಿಲ್ವದೆಲೆ ಜಾರಲಿಲ್ಲ. ಬೆರಳುಗಳು ಇನ್‌ಸ್ಪೆಕ್ಷನ್ ದಿನದ ನೌಕರರ ಹಾಗೆ ತಮ್ಮ ತಮ್ಮ ಜಾಗದಲ್ಲಿ ತೆಪ್ಪಗಿದ್ದವು. ಒಂದು ವಾರದಿಂದಲೂ ಹೀಗೆಯೇ. ಅದಕ್ಕೆ ಮೊದಲು ಇದೇ ಕೈ ಬೆಳಗಿನ ಪೂಜೆಯ ಹೊತ್ತಿಗೆ ಸರಿಯಾಗಿ ಶುರುಮಾಡುತ್ತಿತ್ತು. ಯಾರೋ ಕಾಣದವರು ಮೊಣಕೈ ಹಿಡಿದು ಜಗ್ಗುತ್ತಿದ್ದಾರೇನೋ ಎಂಬಂತೆ, ಲಿಂಗ ಗುಂಡಿ ಬಿದ್ದ ರಸ್ತೆಯ ಬಸ್ಸಿನಲ್ಲಿ ಕೂತ ಪ್ರಯಾಣಿಕನಂತೆ ಅಂಗೈಯಲ್ಲಿ ಎಗರುತ್ತಿತ್ತು. ಒಂದು ದಿನ ಜಾರಿಯೇಬಿಟ್ಟಿತ್ತು. ಜಾರಿ ಪಂಚೆಯ ಮಡಿಲಿಗೆ ಬಿದ್ದಿತ್ತು. ಲಿಂಗ ಕೆಳಗೆ ಬಿದ್ದರೆ ಪ್ರಾಣ ಉಳಿಸಿಕೊಳ್ಳಬಾರದು ಎನ್ನುತ್ತಿದ್ದರು ಅವರ ಅಪ್ಪ, ಹರಿಹರದ ಮನೆಯ ಪಡಸಾಲೆಯಲ್ಲಿ ಕೂತು, ಅದೇನೋ ಮಳೆ ಬಂದರೆ ಕೊಡೆ ಹಿಡಿಯಬೇಕು ಎನ್ನುವಷ್ಟು ಸಹಜವಾಗಿ. ಮಡಿಲು ನೆಲವಲ್ಲ ಎಂದು ಪಂಚಾಕ್ಷರಯ್ಯನವರು ತಮ್ಮೊಳಗೇ ವಾದಿಸಿದರು, ತಾವೇ ವಕೀಲರು, ತಾವೇ ಜಡ್ಜು. ಕೇಸು ಗೆದ್ದರು. ಆದರೆ ಅವತ್ತಿನಿಂದ ತಿಂಡಿಯ ತಟ್ಟೆಯ ಮುಂದೆ ಕೂತಾಗಲೆಲ್ಲ, ಬದುಕಿ ಉಪ್ಪಿಟ್ಟು ತಿನ್ನುತ್ತಿರುವುದೇ ಒಂದು ಸಣ್ಣ ಅವಮಾನದ ಹಾಗೆ ಗಂಟಲಲ್ಲಿ ನಿಲ್ಲುತ್ತಿತ್ತು. ಬಿದ್ದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಈಗ ಕೈ ನಿಂತಿದೆ. ಯಾಕೆ ನಿಂತಿದೆ? ಸಂತೋಷಪಡಬೇಕಾದ ಜಾಗದಲ್ಲಿ ಈ 'ಯಾಕೆ' ಬಂದು ಕಾಲು ಚಾಚಿ ಕೂತಿತ್ತು. ಪಾರ್ಕಿನ್ಸನ್ ತಾನಾಗಿ ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆ ಅದನ್ನು ಒಂದಿಷ್ಟು ಹೊತ್ತು ಸುಮ್ಮನಿರಿಸುತ್ತದೆ ಅಷ್ಟೆ ಎಂದು ಬೆನ್ಸನ್ ಟೌನಿನ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮಾತ್ರೆ ಅದೇ ಆಗಿದ್ದರೆ ಕೈಯೂ ಅದೇ ಆಗಿರಬೇಕಿತ್ತು. ಹಾಗಾದರೆ ಮಾತ್ರೆ ಅದಲ್ಲ. ಕಳೆದ ತಿಂಗಳು ಹೋದಾಗ ಡಾಕ್ಟರು ಸೊಸೆ ಆಶಾರಾಣಿಯ ಕಡೆ ತಿರುಗಿ, ಬೇಕಾದರೆ ಪವರ್ ಹೆಚ್ಚಿಸಬಹುದು, ಆದರೆ ಈ ವಯಸ್ಸಿನಲ್ಲಿ ಹೆಚ್ಚಾದರೆ ಇಲ್ಲದವರೆಲ್ಲ ಕಣ್ಣಿಗೆ ಕಾಣುವುದುಂಟು, ಕಾದು ನೋಡೋಣ ಎಂದಿದ್ದರು. ಕಾಯಿಲೆಯವರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರೂ ಮಾತು ಸೊಸೆಯ ಜೊತೆಗೆ. ಅವರ ಹಳೆಯ ಫ್ಯಾಕ್ಟರಿಯ ಗೆಳೆಯ ರಾಮಾಂಜಿನಪ್ಪ ಇದನ್ನು ಫೋನಿನಲ್ಲಿ ಕೇಳಿ, "ಹುಷಾರು ಪಂಚಾಕ್ಷರಿ! ನಮ್ಮ ಷಡ್ಡಕನಿಗೆ ಹಂಗೇ ಜಾಸ್ತಿ ಮಾಡಿದ್ರು. ಸತ್ತುಹೋದ ಚಿಕ್ಕಮ್ಮ ದಿನಾ ಮಂಚದ ಮೇಲೆ ಬಂದು ಕೂರೋಳಂತೆ. ಅವಳಿಗೆ ಕಾಫಿ ಕೊಡಿ ಅಂತ ಗಲಾಟೆ" ಎಂದಿದ್ದ. ಆ ಮಾತು ಕಿವಿಗೆ ಬಿದ್ದಾಗಿನಿಂದ ಪಂಚಾಕ್ಷರಯ್ಯನವರು ಗೋಡೆಯ ಮೇಲಿನ ಹಲ್ಲಿಯನ್ನೂ ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಮೊದಲು ಮಾತ್ರೆಯ ಪಟ್ಟಿ ಅವರ ಕೈಗೇ ಬರುತ್ತಿತ್ತು. ಈಗ ಸೊಸೆ ಬಿಡಿಸಿ, ಮನೆ ಮನೆಯಾಗಿ ಇರುವ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಡುತ್ತಾಳೆ. ಅವರು ಅಡುಗೆಮನೆಗೆ ಬಂದರೆ ಅತ್ತೆ ಸೊಸೆಯ ಮಾತು ನಿಲ್ಲುತ್ತದೆ. ಹೆಂಡತಿ ಗುರುದೇವಿ ಈ ವಾರವೆಲ್ಲ ಪೂಜೆಯ ಹಾಲನ್ನು ತಾನೇ ತಂದಿಟ್ಟು, ಬಾಗಿಲ ಬಳಿ ಒಂದು ಕ್ಷಣ ಹೆಚ್ಚಿಗೆ ನಿಲ್ಲುತ್ತಾಳೆ. ನಿಲ್ಲುವುದಕ್ಕೆ ಅಲ್ಲಿ ಏನಿದೆ?

ಲಿಂಗಕ್ಕೆ ತೋರಿಸದ ಯಾವುದೂ ಪಂಚಾಕ್ಷರಯ್ಯನವರ ಗಂಟಲಿನಲ್ಲಿ ಇಳಿದದ್ದಿಲ್ಲ. ಅನ್ನವಿರಲಿ, ಕಾಫಿಯಿರಲಿ, ಮಾತ್ರೆಯಿರಲಿ. ಬೆಳಗಿನ ಮಾತ್ರೆಯನ್ನು ಹಾಲಿನ ಲೋಟದ ಪಕ್ಕದಲ್ಲಿಟ್ಟು, ಎರಡನ್ನೂ ಒಟ್ಟಿಗೆ ಅರ್ಪಿಸಿ, ಆ ಹಾಲಿನಲ್ಲೇ ನುಂಗುವುದು ಕಾಯಿಲೆ ಬಂದಾಗಿನಿಂದ ನಡೆದುಬಂದ ಪದ್ಧತಿ. "ಖಾಲಿ ಹೊಟ್ಟೇಲಿ ತಾನೇ ತಗೊಳ್ಳೋದು?" ಎಂದು ಡಾಕ್ಟರು ಕೇಳಿದಾಗ ಅವರು ಗಟ್ಟಿಯಾಗಿ ಹೌದೆಂದಿದ್ದರು, ಪ್ರಸಾದವನ್ನು ಊಟ ಅನ್ನುವವರು ಯಾರು? ಒಮ್ಮೆ ಗುರುದೇವಿ, "ಹಾಲ್ಯಾಕೆ, ನೀರು ಹಿಡೀರಿ ಸಾಕು, ಶಿವ ಬೇಡ ಅಂತಾನಾ?" ಎಂದು ಸುಮ್ಮನೆ ಅಂದಂತೆ ಅಂದಿದ್ದಳು. ಅಪ್ಪನ ಕಾಲದಿಂದ ಬಂದ ಹಾಲು. ಅವರು ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದರು, ಮಾತು ಬಿಟ್ಟದ್ದು ಮನೆಯಲ್ಲಿ ಯಾರಿಗೂ ಗೊತ್ತಾಗದೆ ಹೋದದ್ದು ಬೇರೆ ವಿಷಯ. ಅವರ ದನಿ ಅಷ್ಟು ಸಣ್ಣದಾಗಿತ್ತು. ಇವತ್ತು ಅವರು ಹಾಲನ್ನು ಅರ್ಪಿಸಿದರು, ಮಾತ್ರೆಯನ್ನು ಅರ್ಪಿಸಿದರು, ಹಾಲನ್ನು ಕುಡಿದರು, ಮಾತ್ರೆಯನ್ನು ಮಾತ್ರ ಬಿಲ್ವದೆಲೆ ಕಟ್ಟಿಕೊಟ್ಟಿದ್ದ ಕಾಗದದಲ್ಲಿ ಮಡಿಸಿ ಜುಬ್ಬದ ಜೇಬಿಗೆ ಇಳಿಸಿದರು. ಇನ್ನು ಮೇಲೆ ನುಂಗುವುದಿಲ್ಲ. ಏನು ಕೊಡುತ್ತಿದ್ದಾರೆಂದು ಗೊತ್ತಾಗುವವರೆಗೆ ಒಂದನ್ನೂ ನುಂಗುವುದಿಲ್ಲ. ಕೈ ಮತ್ತೆ ನಡುಗಲಿ, ಲಿಂಗ ಮತ್ತೆ ಜಾರಲಿ, ಈ ಸಲ ನೆಲಕ್ಕೇ ಬೀಳಲಿ. ಹಾಗೆಂದುಕೊಂಡ ಕೂಡಲೇ ಲಿಂಗವನ್ನು ಕರಡಿಗೆಯಲ್ಲಿಟ್ಟು ಭದ್ರವಾಗಿ ಮುಚ್ಚಿ ಕೊರಳಿಗೆ ಹಾಕಿಕೊಂಡರು. ಲೋಟ ಹಿಂದಕ್ಕೆ ಕೊಡುವಾಗ ಏನೂ ನಡೆದಿಲ್ಲವೆಂದು ತೋರಿಸಲು ಅವರು, "ಗುರುದೇವೀ, ಹಾಲು ಈಚೆಗೆ ಬಹಳ ಚೆನ್ನಾಗಿದೆ. ಪ್ಯಾಕೆಟ್ ಹಾಲಲ್ಲ ಇದು, ಯಾವುದೋ ನಾಟಿ ಹಸುವಿಂದು" ಎಂದರು. ಗುರುದೇವಿ ಲೋಟ ತೆಗೆದುಕೊಂಡವಳೇ ಬೆನ್ನು ತಿರುಗಿಸಿ ನಡೆದಳು. ಅವಳ ಭುಜ ಅಲುಗುತ್ತಿದ್ದದ್ದು ಅವರಿಗೆ ಕಂಡಿತು. ಅಳುತ್ತಿದ್ದಾಳೆಯೇ? ಮಾಡಬಾರದ್ದನ್ನು ಮಾಡುತ್ತಿರುವವರು ಹೊಗಳಿಸಿಕೊಂಡಾಗ ಹಾಗೆಯೇ ಆಗುವುದು. ಪಾಪ, ಅವಳಿಗೂ ಇಷ್ಟವಿರಲಿಕ್ಕಿಲ್ಲ. ಸೊಸೆಯ ಕುಮ್ಮಕ್ಕು.

ಕಟಿಂಗ್ ಮಾಡಿಸಿಕೊಂಡು ಬರುತ್ತೇನೆಂದು ಹೇಳಿ ಹೊರಟವರು ಶಿವಾಜಿನಗರದ ಬಸ್ಸು ಹತ್ತಿದರು. ಮಾತ್ರೆಗಳು ಬರುವುದು ಅಲ್ಲಿನ ಹಬೀಬನ ಮೆಡಿಕಲ್ ಶಾಪಿನಿಂದ. ಮೂಲಕ್ಕೇ ಹೋಗಿ ಕೇಳುವುದು ವಾಸಿ. ಕಂಡಕ್ಟರು ಅವರ ಮುಖ ನೋಡಿ, "ಯಾಕೆ ಯಜಮಾನ್ರೇ, ಬೆಳಿಗ್ಗೆ ಬೆಳಿಗ್ಗೆನೇ ನನ್ ಮೇಲೆ ಕೋಪ?" ಎಂದ. ಪಂಚಾಕ್ಷರಯ್ಯನವರು ನಕ್ಕರು. ನಕ್ಕರೆಂದು ಅವರಿಗೆ ಗೊತ್ತಿತ್ತು, ಕಂಡಕ್ಟರಿಗೆ ಗೊತ್ತಾಗಲಿಲ್ಲ. ನಗು ಕೆನ್ನೆಯವರೆಗೆ ಬಂದು ಬಾಗಿಲು ಹಾಕಿದೆ ಎಂದು ತಿಳಿದು ವಾಪಸು ಹೋಯಿತು. ಇದೇ ಮುಖ ಒಂದು ಕಾಲಕ್ಕೆ ಫ್ಯಾಕ್ಟರಿಯ ರಾಜ್ಯೋತ್ಸವದ ಸ್ಟೇಜಿನ ಮೇಲೆ ಜನರಲ್ ಮ್ಯಾನೇಜರಾಗುತ್ತಿತ್ತು, ಅವರ ಹೆಂಡತಿಯಾಗುತ್ತಿತ್ತು, ಅವರಿಬ್ಬರ ನಾಯಿಯೂ ಆಗುತ್ತಿತ್ತು. ಊಟದ ಸೈರನ್ನನ್ನು ಪಂಚಾಕ್ಷರಯ್ಯ ಬಾಯಲ್ಲಿ ಊದಿದಾಗ ಒಂದು ಇಡೀ ಶಾಪು ಟೂಲು ಕೆಳಗಿಟ್ಟು ಕೈ ತೊಳೆಯಲು ಹೋದದ್ದಿದೆ. ಕ್ಯಾಂಟೀನಿನ ಫೋನಿನಿಂದ ಮನೆಗೆ ಫೋನು ಮಾಡಿ, ಗ್ಯಾಸ್ ಏಜೆನ್ಸಿಯವನ ಮೂಗುದನಿಯಲ್ಲಿ, "ಅಮ್ಮಾ, ಸಿಲಿಂಡ್ರು ಗಾಡಿ ಕಾರ್ನರ್‌ಗೆ ಬಂದಿದೆ, ಖಾಲಿದು ತಗೊಂಡು ಓಡ್ಬನ್ನಿ, ಮೇಲಿಂದ ಆರ್ಡರ್ ಆಗಿದೆ, ಮನೆ ಹತ್ರ ಬರಂಗಿಲ್ಲ" ಎಂದರೆ ಸಾಕು, ಗುರುದೇವಿ ಖಾಲಿ ಸಿಲಿಂಡರನ್ನು ಉರುಳಿಸಿಕೊಂಡು ಮೂಲೆಯವರೆಗೆ ಹೋಗಿ ನಿಲ್ಲುತ್ತಿದ್ದಳು. ಒಂದು ಸಲವಲ್ಲ, ಮತ್ತೆ ಮತ್ತೆ. ಅವಳಷ್ಟು ಸುಲಭಕ್ಕೆ ಬೀಳುವವರು ಇನ್ನೊಬ್ಬರಿಲ್ಲ ಎಂದು ಕ್ಯಾಂಟೀನಿಗೆಲ್ಲ ಹೇಳಿ ನಗಿಸುತ್ತಿದ್ದರು. ಅಷ್ಟು ಮುಗ್ಧೆ ಈಗ ಅವರಿಗೇ ಆಟ ಕಟ್ಟುತ್ತಿದ್ದಾಳೆಂದರೆ. ದನಿಯೂ ಹೋಯಿತು. ದಿನಾ ಸಂಜೆ ಆಶಾರಾಣಿ ಎದುರು ಕೂತು, "ಮಾವ, ಜೋರಾಗಿ 'ಆ' ಅನ್ನಿ, ಕಿಟಕಿ ಆಚೆಗೆ ಕೇಳ್ಬೇಕು" ಎಂದು ಅನ್ನಿಸುತ್ತಾಳೆ. ಅವರ 'ಆ' ಟೀಪಾಯಿ ದಾಟುವುದಿಲ್ಲ. ಎಲ್ಲರ ದನಿಯನ್ನು ಕದ್ದವನ ದನಿಯನ್ನು ಯಾರೋ ಕದ್ದರು.

ಶಿವಾಜಿನಗರದಲ್ಲಿ ಇಳಿಯುವ ಹೊತ್ತಿಗೆ ನುಂಗದ ಮಾತ್ರೆ ಕಾಲಿಗೆ ಗೊತ್ತಾಗಿತ್ತು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮೀನು, ಮಲ್ಲಿಗೆ, ಕೆಂಡದ ಮೇಲಿನ ಮಾಂಸ, ಅತ್ತರು ಎಲ್ಲ ಇದ್ದವು; ಯಾವುದಕ್ಕೂ ವಾಸನೆಯಿರಲಿಲ್ಲ. ಕೈ ನಡುಗುವುದಕ್ಕೆ ಎಷ್ಟೋ ಮುಂಚೆಯೇ ಅವರಿಗೆ ಮೂಗು ಕೈಕೊಟ್ಟಿತ್ತು, ನಾಲಿಗೆ ಅದರ ಹಿಂದೆಯೇ ಹೋಯಿತು. ಟೀವಿಯೊಳಗೆ ನಡೆದಂತೆ ನಡೆಯುತ್ತಿದ್ದವರು ನಿಂಬೆಹಣ್ಣಿನ ಗುಡ್ಡೆಯೊಂದರ ಮುಂದೆ ನಿಂತುಬಿಟ್ಟರು. ನಿಲ್ಲಬೇಕೆಂದು ನಿಂತದ್ದಲ್ಲ. ಪಾದಗಳು ಡಾಂಬರಿಗೆ ಅಂಟಿಕೊಂಡವು. ಮೇಲಿನ ಅರ್ಧ ಮುಂದಕ್ಕೆ ಹೊರಟಿತ್ತು, ಕೆಳಗಿನ ಅರ್ಧ ಅನುಮತಿ ಕೊಡಲಿಲ್ಲ. ಎಡಗೈ ಜುಬ್ಬದ ಅಂಚಿನಲ್ಲಿ ತನ್ನ ಹಳೆಯ ಕೆಲಸ ಶುರುಮಾಡಿತು, ಬೆರಳುಗಳು ಇಲ್ಲದ ಬೀಡಿಯೊಂದನ್ನು ಸುತ್ತತೊಡಗಿದವು. ಹಣ್ಣು ಮಾರುತ್ತಿದ್ದ ಮಾರಕ್ಕ ತಲೆಯೆತ್ತಿ, "ಅಯ್ಯಾ, ಕೊಂಚ ತಳ್ಳಿ ನಿಂತ್ಕೊಳ್ಳಿ, ಯಾವಾರಕ್ಕೆ ಅಡ್ಡ ಆಗ್ತೈತೆ" ಎಂದಳು. ಅವರಿಗೆ ಸರಿದು ನಿಲ್ಲಲಾಗಲಿಲ್ಲ. "ಯೋವ್, ಕೇಳಿಸಲ್ವಾ? ಕಣ್ಣು ಮಾತ್ರ ಹಂಗೆ ಬಿಡ್ತಾರೆ ನೋಡು!" ಹಿಂದಿನಿಂದ ಬಂದ ಸ್ಕೂಟರಿನವನೊಬ್ಬ ಹಾರ್ನ್ ಒತ್ತಿ, "ಏನ್ ಗುರು, ಬೆಳಿಗ್ಗೆನೇ ಟೈಟಾ? ವಿಭೂತಿ ಬೇರೆ!" ಎಂದು ಪಕ್ಕದಿಂದ ನುಗ್ಗಿಸಿಕೊಂಡು ಹೋದ. ನಾನು ಕುಡಿದಿಲ್ಲ ಎನ್ನಲು ಪಂಚಾಕ್ಷರಯ್ಯನವರು ಬಾಯಿ ತೆರೆದರು. ಬಂದದ್ದು ಕುಡಿದವರ ದನಿಯೇ. ಅಂಗೈಯಲ್ಲಿ ಲಿಂಗ ನಡುಗಿದ್ದು, ಈಗ ಲಿಂಗ ಎದೆಯ ಮೇಲಿದ್ದು ತಾವು ನಡುಗುತ್ತಿರುವುದು, ಎರಡೂ ಒಂದೇ ಎನಿಸಿತು. ಯಾರದೋ ಅಂಗೈಯಲ್ಲಿ ತಾವು ಕೂತಿದ್ದೇವೆ, ಆ ಯಾರಿಗೋ ಕೈ ಸರಿಯಿಲ್ಲ. ಯಾರು ತಮ್ಮನ್ನು ನೋಡುತ್ತಿದ್ದಾರೆ, ಇವರಲ್ಲಿ ಮನೆಗೆ ಸುದ್ದಿ ಮುಟ್ಟಿಸುವವರು ಯಾರು ಎಂದು ಕಣ್ಣು ಹುಡುಕಿತು. ಅಷ್ಟರಲ್ಲಿ, ಸ್ಕೂಟರು ತಾಗಿ ಸಡಿಲವಾಗಿದ್ದ ಗುಡ್ಡೆಯಿಂದ ಒಂದು ನಿಂಬೆಹಣ್ಣು ಉರುಳಿ ಅವರ ಪಾದದ ಮುಂದೆ ಬಂದು ನಿಂತಿತು. ತುಳಿಯಬಾರದೆಂದು ಕಾಲು ತಾನಾಗಿ ಎದ್ದಿತು, ದಾಟಿತು, ದಾಟಿದ ಮೇಲೆ ಇನ್ನೊಂದೂ ಬಂತು. ಹಿಂದೆ ಮಾರಕ್ಕ ಯಾರಿಗೋ, "ನೋಡು, ನಿಂಬೆಹಣ್ಣಿಗೇ ದೃಷ್ಟಿ ಹಾಕ್ಬಿಟ್ಟು ಹೋಯ್ತು ಮುದುಕ" ಎನ್ನುತ್ತಿದ್ದಳು.

ಹಬೀಬ್ ಮಾತ್ರೆಯನ್ನು ಕಾಗದದಿಂದ ಬಿಡಿಸಿ, ಕನ್ನಡಕ ಹಣೆಗೇರಿಸಿ ನೋಡಿದ. "ಅದೇ ಅಯ್ಯಾ ಸಾಬ್. ಅದೇ ಕಂಪನಿ, ಅದೇ ಪವರ್. ಬೇಕಾದ್ರೆ ಪಟ್ಟಿ ನೋಡಿ" ಎಂದು ಒಳಗಿನಿಂದ ಒಂದು ಪಟ್ಟಿ ತಂದು ಪಕ್ಕದಲ್ಲಿಟ್ಟ. ಎರಡೂ ಅವಳಿಗಳು. "ಯಾಕೆ ಕೇಳ್ತಾ ಇದೀರಿ? ಹೋದ ವಾರ ನಿಮ್ ಸೊಸೆ ಬಂದಿದ್ರು, ಅವ್ರೂ ಇದರ ಬಗ್ಗೇನೇ..." ಎಂದವನು ನಾಲಿಗೆ ಕಚ್ಚಿಕೊಂಡಂತೆ ನಿಲ್ಲಿಸಿದ. "ಏನ್ ಕೇಳಿದ್ಳು?" ಎಂದರು ಪಂಚಾಕ್ಷರಯ್ಯ. "ಅರೇ ಕುಚ್ ನಹೀ ಸಾಬ್, ಮಾಮೂಲಿ. ಮೊದ್ಲು ನೀವು ಕೂತ್ಕೊಳ್ಳಿ, ಕೈ ನೋಡಿ ಹೆಂಗಾಗಿದೆ. ಬೆಳಿಗ್ಗೆದು ತಗೊಂಡಿಲ್ವಾ? ಯಾ ಅಲ್ಲಾ! ಇದನ್ನ ಹಂಗೆಲ್ಲ ಬಿಡಬಾರ್ದು. ತಗೊಳ್ಳಿ ನೀರು. ನಮ್ ಹತ್ರ ಹಾಲು ಗೀಲು ಇಲ್ಲ, ಬರೀ ನೀರೇ" ಎಂದು, ಆಮೇಲೆ ಯಾಕೋ ತನ್ನಷ್ಟಕ್ಕೆ ನಕ್ಕ. ಆ ನಗು ಪಂಚಾಕ್ಷರಯ್ಯನವರಿಗೆ ಇಷ್ಟವಾಗಲಿಲ್ಲ. ನುಂಗುವುದಿಲ್ಲವೆಂದು ಬಂದವರು, ಆದರೆ ಅದೇ ಗಲ್ಲಿಯಲ್ಲಿ, ಅದೇ ನಿಂಬೆಹಣ್ಣುಗಳ ಮುಂದೆ ವಾಪಸು ನಡೆಯಬೇಕಾದ ನೆನಪು ಬಂತು. ನಾಚಿಕೆ ಸಂಶಯಕ್ಕಿಂತ ಬಲವಾಗಿತ್ತು. ಮಾತ್ರೆಯನ್ನು ಎದೆಯ ಮೇಲಿನ ಕರಡಿಗೆಗೆ ಮುಟ್ಟಿಸಿ, ಒಳಗಿದ್ದ ಲಿಂಗಕ್ಕೆ ಮನಸ್ಸಿನಲ್ಲೇ ತೋರಿಸಿ, ನೀರಿನಲ್ಲಿ ನುಂಗಿದರು. ಸ್ಟೂಲಿನ ಮೇಲೆ ಕೂತು ಕಾದರು. ಒಂದಷ್ಟು ಹೊತ್ತಿನ ಮೇಲೆ ಯಾರೋ ಒಳಗಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲ ಮಾಡಿದಂತಾಯಿತು: ಮೊದಲು ಕತ್ತು, ಆಮೇಲೆ ಸೊಂಟ, ಆಮೇಲೆ ಕಾಲಿನ ಬೆರಳು. ಎಡಗೈ ತೊಡೆಯ ಮೇಲೆ ಮಲಗಿತು. ಇದು ಮೊದಲಿನ ಮಾತ್ರೆಯಂತೆ ಅರೆಮನಸ್ಸಿನಿಂದ ಕೆಲಸ ಮಾಡುತ್ತಿಲ್ಲ, ಈ ವಾರದ ಮಾತ್ರೆಯ ಹಾಗೆಯೇ ಮಾಡುತ್ತಿದೆ. ಅಂದರೆ ಪಟ್ಟಿಯ ಹೊರಗೆ ಹಳೆಯ ಹೆಸರು, ಒಳಗೆ ಬೇರೆ ಸರಕು. ಅಂದರೆ ಹಬೀಬನೂ ಇದ್ದಾನೆ. ಎಲ್ಲರೂ ಇದ್ದಾರೆ. ಪುರಾವೆ ಸಿಗದೇ ಇರುವುದೇ ಪುರಾವೆ ಎಂದು ತೀರ್ಮಾನಿಸಿದಾಗ ಅವರಿಗೆ ಒಂದು ಬಗೆಯ ನೆಮ್ಮದಿಯಾಯಿತು. ಹಬೀಬ್ ಆಟೋ ಹಿಡಿದು ಕೂರಿಸುವಾಗ, "ಸೊಸೆ ಒಳ್ಳೆಯೋಳು ಸಾಬ್, ನಸೀಬು" ಎಂದ. ಕೇಳದೆಯೇ ಕೊಟ್ಟ ಸರ್ಟಿಫಿಕೇಟು. ಪಂಚಾಕ್ಷರಯ್ಯನವರು ಅದನ್ನೂ ಲೆಕ್ಕಕ್ಕೆ ಹಿಡಿದರು.

ಉಪಾಯ ಹೊಳೆದದ್ದು ಫ್ರೇಜರ್ ಟೌನಿನ ಸಿಗ್ನಲ್ಲಿನಲ್ಲಿ. ಕಾಲು ಕಟ್ಟಿಕೊಂಡು, ಮುಖ ಮರಗಟ್ಟಿ ಅವರು ಕುರ್ಚಿಯಲ್ಲಿ ಕೂತಿರುವ ಹೊತ್ತಿನಲ್ಲಿ ಮನೆಯವರು ಅವರೆದುರು ಏನು ಬೇಕಾದರೂ ಮಾತಾಡುತ್ತಾರೆ. ಕಿವಿಯೂ ಗಟ್ಟಿಯಾಗಿದೆ ಎಂದುಕೊಳ್ಳುತ್ತಾರೋ ಏನೋ. ಪಕ್ಕದ ಮನೆಯ ಅಮೃತಮ್ಮ ಒಂದು ಸಲ ಅವರ ತೊಡೆಯ ಮೇಲೇ ತನ್ನ ಚೀಲವನ್ನಿಟ್ಟು ಗುರುದೇವಿಯೊಡನೆ ಹರಟಿದ್ದಳು. ತೆಗೆದುಕೊಂಡು ಹೋಗುವಾಗ ಥ್ಯಾಂಕ್ಸ್ ಕೂಡ ಅನ್ನಲಿಲ್ಲ. ಹಾಗಾದರೆ ಇವತ್ತು, ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ, ಮರಗಟ್ಟಿದವರಂತೆ ಕೂತರೆ? ಜನರಲ್ ಮ್ಯಾನೇಜರನ್ನು ಮಾಡಿದವರಿಗೆ ಪಂಚಾಕ್ಷರಯ್ಯನನ್ನು ಮಾಡುವುದು ಕಷ್ಟವೇ? ಗೇಟಿನಿಂದಲೇ ಅವರು ಬೆನ್ನು ಬಗ್ಗಿಸಿದರು, ಹೆಜ್ಜೆಯನ್ನು ನೆಲಕ್ಕೆ ಉಜ್ಜಿದರು, ಹೊಸ್ತಿಲಿನಲ್ಲಿ ಬೇಕೆಂದೇ ತಡೆದು ನಿಂತರು. ಗುರುದೇವಿ ಓಡಿ ಬಂದು ಕೈ ಹಿಡಿದು, ಹಜಾರದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. "ಎಲ್ಲಿಗೆ ಹೋಗಿದ್ರಿ? ಕಟಿಂಗೂ ಆಗಿಲ್ಲ. ರೀ? ಕೇಳಿಸ್ತಾ?" ಅವರು ಗೋಡೆಯ ಕ್ಯಾಲೆಂಡರನ್ನೇ ನೋಡಿದರು. ರೆಪ್ಪೆ ಹೊಡೆಯುವುದನ್ನು ಕಡಿಮೆ ಮಾಡಿದರು. ಆಶಾರಾಣಿ ಅಡುಗೆಮನೆಯಿಂದ ಇಣುಕಿ, "ಬಿಡಿ ಅತ್ತೆ, ಆಫ್ ಆಗಿದ್ದಾರೆ. ಸ್ವಲ್ಪ ಹೊತ್ತು ಹಾಗೇ ಇರ್ಲಿ" ಎಂದಳು, ಮಿಕ್ಸಿಯ ವಿಷಯ ಹೇಳುವ ಹಾಗೆ. ಒಂದು ತೊಂದರೆ ಮಾತ್ರ ಇತ್ತು. ಎಡಗೈ ನಡುಗಬೇಕು, ಅದು ನಡುಗಲೊಲ್ಲದು. ಅವರೇ ನಡುಗಿಸಿದರು, ತಾಳ ತಪ್ಪಿತು, ಬಹಳ ಜೋರಾಯಿತು, ನಾಟಕದ ಕಂಪನಿಯ ಭೂತದಂತಾಯಿತು. ಮೂರು ವರ್ಷ ದಿನಾ ಕಂಡ ನಡುಕ ಮಿಮಿಕ್ರಿಗೆ ಸಿಗಲಿಲ್ಲ. ಇಷ್ಟು ಹತ್ತಿರದಿಂದ ನೋಡಿಯೂ ಕಲಿಯಲಿಲ್ಲವಲ್ಲ ಎಂದು ನಾಚಿಕೆಯಾಗಿ, ಕೈಯನ್ನು ಟವಲಿನ ಕೆಳಗೆ ಬಚ್ಚಿಟ್ಟರು.

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. "ಅತ್ತೆ," ಎಂದಳು ಆಶಾರಾಣಿ ದನಿ ತಗ್ಗಿಸಿ, "ಮಾವ ಶಿವಾಜಿನಗರಕ್ಕೆ ಹೋಗಿದ್ದು. ಹಬೀಬ್ ಭಾಯ್ ಈಗ ಫೋನ್ ಮಾಡಿದ್ರು. ಮಾತ್ರೆ ತೋರಿಸಿ ಇದು ಅಸಲಿನಾ ಅಂತ ಕೇಳಿದ್ರಂತೆ. ಬೆಳಿಗ್ಗೆ ನುಂಗೇ ಇರ್ಲಿಲ್ವಂತೆ!" ಪಾತ್ರೆಯೊಂದು ಸಿಂಕಿನಲ್ಲಿ ಸದ್ದು ಮಾಡಿತು. "ಶಿವನೇ! ಗೊತ್ತಾಗ್ಬಿಡ್ತಾ?" ಎಂದಳು ಗುರುದೇವಿ. "ಇಲ್ಲ, ಅವರು ಬಾಯಿ ಬಿಟ್ಟಿಲ್ಲ. ಆದ್ರೆ ಅನುಮಾನ ಬಂದಿದೆ. ನಿಲ್ಲಿಸ್ಬಿಡೋಣ್ವಾ?" ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪಂಚಾಕ್ಷರಯ್ಯನವರ ಎದೆ ಕರಡಿಗೆಗೆ ಬಡಿಯತೊಡಗಿತು. ಇದೆ. ಇದ್ದದ್ದು ನಿಜ. ತಾವು ಇಲ್ಲದವರನ್ನು ಕಾಣುವ ಮುದುಕನಲ್ಲ. ಗೆದ್ದೆನೆಂಬ ಉಬ್ಬು ಒಂದು ಕ್ಷಣ. ಅದರ ಬೆನ್ನಿಗೇ, ಇಷ್ಟು ವರ್ಷ ಜೊತೆಗಿದ್ದವಳು ನಿಜಕ್ಕೂ ಹೀಗೆ ಮಾಡಿದಳಲ್ಲ ಎಂಬುದು ಕುರ್ಚಿಯ ಕೆಳಗಿನ ನೆಲವನ್ನೇ ಎಳೆದುಕೊಂಡಿತು. ಸುಳ್ಳಾಗಿರಲಿ ಎಂದು ತಾವು ಒಳಗೊಳಗೇ ಎಷ್ಟು ಆಸೆಪಟ್ಟಿದ್ದೆವೆಂದು ಅವರಿಗೆ ಆಗ ತಿಳಿಯಿತು.

"ನಿಲ್ಲಿಸಿದ್ರೆ ಕೈ ಮತ್ತೆ ಶುರುವಾಗತ್ತೆ" ಎಂದಳು ಗುರುದೇವಿ. "ಬೇಡ. ಪಾಪ ಬಂದ್ರೆ ನನಗೆ ಬರ್ಲಿ. ನಿನಗೆ ಗೊತ್ತಿಲ್ಲ ಆಶಾ. ಒಂದಿನ ಬಾಗಿಲು ಸಂದೀಲಿ ನೋಡ್ದೆ. ಲಿಂಗ ಜಾರಿ ಮಡಿಲಿಗೆ ಬಿತ್ತು. ಅವರ ಮುಖ... ಮುಖ ಏನೂ ಆಗ್ಲಿಲ್ಲ ಕಣೇ, ಮುಖಕ್ಕೆ ಈಗ ಏನೂ ಆಗಲ್ವಲ್ಲ. ಹಾಗೇ ಕೂತಿದ್ರು, ಎಷ್ಟೋ ಹೊತ್ತು. ತಿಂಡಿಗೆ ಬಂದು ಉಪ್ಪಿಟ್ಟು ಚೆನ್ನಾಗಿದೆ ಅಂದ್ರು. ನಾನೂ ಗೊತ್ತಿಲ್ದೋಳ ಹಾಗೆ ಇನ್ನೊಂದು ಸೌಟು ಹಾಕ್ದೆ. ಅವತ್ತೇ ನೋಡಿದ್ದು, ಮಾತ್ರೆನ ಆ ಹಾಲಲ್ಲೇ ನುಂಗ್ತಾರೆ ಅಂತ."

"ಡಾಕ್ಟರಿಗೆ ಫೋನ್ ಮಾಡಿ ಕೇಳ್ದಾಗ ಅವರೇ ತಲೆ ಚಚ್ಕೊಂಡ್ರು. ಹಾಲು ಜೊತೆಗೆ ಹೋದ್ರೆ ಮಾತ್ರೆಗೆ ಒಳಗಡೆ ದಾರೀನೇ ಬಿಡಲ್ವಂತೆ. ಹಬೀಬ್ ಭಾಯೂ ಅದನ್ನೇ ಹೇಳಿದ್ರು. ನೀವು ಮಾವನಿಗೇ ಹೇಳ್ಬೋದಿತ್ತು ಅತ್ತೆ."

"ಹೇಳಿ ನೋಡಿದ್ನಲ್ಲ. ನೀರು ಹಿಡೀರಿ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ರು."

"ಮಾತು ಬಿಟ್ಟಿದ್ರಾ? ನಂಗೆ ಗೊತ್ತೇ ಆಗ್ಲಿಲ್ಲ."

"ನಂಗ್ ಗೊತ್ತಾಯ್ತು ಬಿಡು. ಅದಕ್ಕೇ ಗಂಜಿ. ಅನ್ನ ಬಸಿದ ತಿಳಿಗೆ ನೀರು ಬೆರೆಸಿ ಚಿಟಿಕೆ ಸಕ್ಕರೆ. ನೋಡೋಕೆ ಹಾಲೇ. ವಾಸನೆ ಅವರಿಗೆ ಬರಲ್ಲ, ಶಿವನಿಗೆ ಬಂದ್ರೆ ಅವನು ಹೇಳಲ್ಲ. ಇವತ್ತು ಲೋಟ ಕೊಡ್ತಾ ಏನಂದ್ರು ಗೊತ್ತಾ?" ಗುರುದೇವಿ ಗಂಟಲು ಸರಿಮಾಡಿಕೊಂಡಳು. ಆಮೇಲೆ ಅಡುಗೆಮನೆಯೊಳಗಿನಿಂದ ಪಂಚಾಕ್ಷರಯ್ಯನವರೇ ಮಾತಾಡಿದರು. ಅದೇ ಸವೆದ, ಟೀಪಾಯಿ ದಾಟದ ದನಿ, ಪದದ ಕೊನೆ ಗಾಳಿಯಾಗುವ ಅದೇ ರೀತಿ, ಹರಿಹರದ ಅದೇ ಎಳೆತ: "ಗುರುದೇವೀ, ಹಾಲು ಈಚೆಗೆ ಬಹಳ ಚೆನ್ನಾಗಿದೆ. ಪ್ಯಾಕೆಟ್ ಹಾಲಲ್ಲ ಇದು. ಯಾವುದೋ ನಾಟಿ ಹಸುವಿಂದು."

ಆಶಾರಾಣಿ ಬಾಯಿಗೆ ಸೆರಗು ಒತ್ತಿಕೊಂಡದ್ದು ಕಂಡಿತು. "ಅಯ್ಯೋ ಅತ್ತೆ! ಥೇಟ್ ಮಾವನೇ! ನಿಮಗೆ ಇದೆಲ್ಲ ಬರತ್ತೆ ಅಂತ ಮಾವನಿಗೆ ಗೊತ್ತಾ?"

"ಅವರಿಗ್ಯಾಕೆ ಗೊತ್ತಾಗ್ಬೇಕು? ಮನೇಲಿ ಒಬ್ರು ಆರ್ಟಿಸ್ಟ್ ಸಾಕು. ಗ್ಯಾಸಿನವನ ದನೀಲಿ ಫೋನ್ ಮಾಡೋರು, ಹಿಂದೆ ಕ್ಯಾಂಟೀನ್ ತಟ್ಟೆ ಸದ್ದು, ಆ ರಾಮಾಂಜಿನಪ್ಪ ಕಿಸಕ್ ಅನ್ನೋದು ಎಲ್ಲ ಕೇಳ್ಸೋದು. ಆದ್ರೂ ಸಿಲಿಂಡ್ರು ಉರುಳಿಸ್ಕೊಂಡು ಹೋಗ್ತಿದ್ದೆ. ಹೋಗ್ದಿದ್ರೆ ಅವರಿಗೆ ಬೇಜಾರಾಗಲ್ವಾ?"

ಮೊದಲು ಬಂದದ್ದು ಸಿಟ್ಟೇ. ಒಂದು ವಾರ ಲಿಂಗದ ಮುಂದೆ ಗಂಜಿಯ ನೀರನ್ನು ಹಾಲೆಂದು ಹಿಡಿದಿದ್ದೇನೆ. ಅಪ್ಪನಾಗಿದ್ದರೆ ಏನು ಮಾಡುತ್ತಿದ್ದರೋ. ಸಿಟ್ಟು ಎದೆಯವರೆಗೆ ಏರಿ, ಅಲ್ಲಿ ಕರಡಿಗೆಯೊಳಗೆ ಕೂತಿದ್ದವನನ್ನು ಕಂಡು ತಡೆಯಿತು. ಅವನಿಗೆ ಮೊದಲ ದಿನವೇ ತಿಳಿದಿರಬೇಕು. ತಿಳಿದೂ ಏಳು ದಿನ ಗಂಜಿ ಕುಡಿದು ಬಾಯಿ ಮುಚ್ಚಿಕೊಂಡಿದ್ದಾನೆ. ಸಂಚಿನಲ್ಲಿ ಅವನೂ ಇದ್ದಾನೆ. ಮಾತ್ರೆಯನ್ನು ಶಂಕಿಸಿದೆ, ಪಟ್ಟಿಯನ್ನು ಶಂಕಿಸಿದೆ, ಹಬೀಬನನ್ನು, ಸೊಸೆಯನ್ನು, ಗೋಡೆಯ ಹಲ್ಲಿಯನ್ನು; ಕೈಯಲ್ಲಿ ಹಿಡಿದು ಹೊಗಳಿದ ಲೋಟವೊಂದನ್ನು ಬಿಟ್ಟೆ. ಕಾರ್ನರಿನಲ್ಲಿ ಖಾಲಿ ಸಿಲಿಂಡರಿನ ಪಕ್ಕ, ಬಾರದ ಗಾಡಿಗಾಗಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನಿಂತ ಹೆಂಗಸೊಬ್ಬಳು ಕಣ್ಣಿಗೆ ಕಂಡಳು. ಗಾಡಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅದು ಹೊಟ್ಟೆಯ ತೀರ ಕೆಳಗಿನಿಂದ ಎದ್ದಿತು. ಕೆನ್ನೆಯ ಬಾಗಿಲು ಎಂದಿನಂತೆ ಹಾಕಿತ್ತು, ಈ ಸಲ ಅದು ಬಾಗಿಲಿಗಾಗಿ ಕಾಯಲಿಲ್ಲ. ಕಿಟಕಿಯ ಸರಳುಗಳ ನಡುವೆ ಹಾದು ಬೀದಿಗೆ ಹೋಯಿತು. ಕಾಂಪೌಂಡಿನ ಮೇಲಿದ್ದ ಬೆಕ್ಕು ಹಾರಿತು. ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿತ್ತು. ಇಬ್ಬರು ಹೆಂಗಸರೂ ಬಂದು ನೋಡಿದರೆ, ಕಲ್ಲಿನಂತಹ ಮುಖವೊಂದು ಕಣ್ಣು ಮಿಟುಕಿಸದೆ ಗಹಗಹಿಸಿ ನಗುತ್ತಿತ್ತು. ಗುರುದೇವಿಯ ಮುಖ ಬಿಳಿಚಿಕೊಂಡಿತು. "ರೀ! ಏನಾಯ್ತು ರೀ? ಆಶಾ, ಡಾಕ್ಟರಿಗೆ ಫೋನ್ ಮಾಡೇ, ಮಾತ್ರೆ ಜಾಸ್ತಿ ಆಗೋಯ್ತು!" ಪಂಚಾಕ್ಷರಯ್ಯನವರು ಟವಲಿನ ಕೆಳಗಿನಿಂದ ಎಡಗೈ ತೆಗೆದು, ಅಂಗೈ ಚಾಚಿ ತಡೆದರು. ಕೈ ಗಾಳಿಯಲ್ಲಿ ಹಲಗೆಯ ಹಾಗೆ ನಿಂತಿತ್ತು. ಅತ್ತೆ ಸೊಸೆ ಕೈಯನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ಎಷ್ಟೋ ಕಾಲದಿಂದ ಆ ಮನೆಗೆ ಫೋನು ಮಾಡದಿದ್ದ ಗ್ಯಾಸ್ ಏಜೆನ್ಸಿಯವನು ಕುರ್ಚಿಯಿಂದ ಮೂಗಿನಲ್ಲಿ ಮಾತಾಡಿದ:

"ಅಮ್ಮಾ, ನಾಳೆಯಿಂದ ಗಂಜಿಗೆ ಸಕ್ಕರೆ ಬ್ಯಾಡ, ಬೆಲ್ಲ ಹಾಕ್ಬೇಕಂತೆ. ಮೇಲಿಂದ ಆರ್ಡರ್ ಆಗಿದೆ."

ಗುರುದೇವಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗತೊಡಗಿತು, ಅಳುವೋ ನಗುವೋ ಎಂದು ಈ ಸಲ ಪಂಚಾಕ್ಷರಯ್ಯನವರು ಪತ್ತೆ ಮಾಡಲು ಹೋಗಲಿಲ್ಲ. ಆಶಾರಾಣಿ ಗೋಡೆಗೊರಗಿ ನಕ್ಕು, ಉಸಿರು ಸಾಲದೆ ನೆಲಕ್ಕೆ ಕೂತಳು. ಅಮೃತಮ್ಮ ಕಾಂಪೌಂಡಿನ ಆಚೆಯಿಂದ, "ಏನ್ರೀ ಅದು ಗಲಾಟೆ? ಯಾರು ಬಂದಿದಾರೆ?" ಎಂದು ಕೂಗಿದಳು. ಅವರಿಬ್ಬರ ನಗುವನ್ನೂ, ಆ ಕೂಗನ್ನೂ ಮುಳುಗಿಸುವಂತೆ, ದಿನಾ ಸಂಜೆ ಸೊಸೆ ಎಷ್ಟು ಬೇಡಿದರೂ ಬಾರದ ಆ 'ಆ' ಈಗ ಒಂದರ ಹಿಂದೊಂದು ಬರುತ್ತಲೇ ಇತ್ತು. ಎದೆಯ ಮೇಲೆ ಕರಡಿಗೆ ಕುಣಿಯುತ್ತಿತ್ತು, ಎಡಗೈ ಮಾತ್ರ ನಡುಗಲಿಲ್ಲ.